ನಾನು ಒಗೆದ ಕಾಲುಚೀಲಗಳು

ಐಸ್‌ಲ್ಯಾಂಡಿನಲ್ಲಿ ಮನುಷ್ಯ ಸಾಯುವುದಕ್ಕೆ ಮುಂಚೆ ಮುಗಿಸಬೇಕಾದ ಕೆಲಸಗಳಲ್ಲಿ ಪುಸ್ತಕ ಬರೆಯುವುದೂ ಒಂದು. ನಮ್ಮ ಊರಿನಲ್ಲಿರುವುದು ಮುನ್ನೂರ ಹನ್ನೆರಡು ಜನ. ಅವರಲ್ಲಿ ಪಾದ್ರಿ ಬರೆದಿದ್ದಾನೆ, ಅಂಚೆಯವಳು ಬರೆದಿದ್ದಾಳೆ, ಮೀನಿನ ಕಾರ್ಖಾನೆಯ ಮೇಸ್ತ್ರಿ ಎರಡು ಸಂಪುಟ ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ್ದಾನೆ. ನನ್ನ ಗಂಡ ಹಾಫ್ಲಿದಿ ತನ್ನ ದೋಣಿಯ ಎಂಜಿನ್ನಿನ ಬಗ್ಗೆಯೇ ನೂರ ನಲವತ್ತು ಪುಟ ಬರೆದು ಅಚ್ಚು ಹಾಕಿಸಿದ. (ಇನ್ನೂರು ಪ್ರತಿಗಳಲ್ಲಿ ನೂರ ಅರವತ್ತು ನಮ್ಮ ನೆಲಮಾಳಿಗೆಯಲ್ಲಿವೆ. ಅವುಗಳ ಧೂಳು ಹೊಡೆಯುವವಳು ನಾನು. ಆ ಎಂಜಿನ್ನಿಗೂ ಇಷ್ಟು ಸೇವೆ ನಡೆದಿರಲಿಲ್ಲ.) ಆ ನೂರ ನಲವತ್ತು ಪುಟಗಳಲ್ಲಿ ನನ್ನ ಹೆಸರು ಒಂದೇ ಒಂದು ಸಲ ಬರುತ್ತದೆ: "ಆ ದಿನ ಸೋಲ್ವೇಗ್ ಕಟ್ಟಿಕೊಟ್ಟ ಬುತ್ತಿಯಲ್ಲಿ ಬೆಣ್ಣೆ ಕಡಿಮೆಯಿತ್ತು."

ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಬಂದದ್ದು ಹಿಂದಿನ ವರ್ಷದ ಕ್ರಿಸ್‌ಮಸ್ಸಿಗೆ. ನನ್ನ ಅಣ್ಣ ಸ್ಟೈನಿ, ನಮ್ಮ ಬಂದರಿನ ಅಧಿಕಾರಿ, ತನ್ನ ಹದಿಹರೆಯದ ಕಥೆಯನ್ನು ಪುಸ್ತಕ ಮಾಡಿ ಎಲ್ಲರಿಗೂ ಹಂಚಿದ. ನಲವತ್ತನೆಯ ಪುಟದಲ್ಲಿ ಹೀಗಿತ್ತು: "ಹದಿನಾರನೆಯ ವಯಸ್ಸಿಗೆ ನಾನು ಅಪ್ಪನ ಜೊತೆ ಕಡಲಿಗಿಳಿದೆ. ಬಿರುಗಾಳಿ, ಹಿಮ, ಆಳೆತ್ತರದ ಅಲೆ. ಆದರೆ ಮನೆಗೆ ಬಂದರೆ ಸದಾ ಶುಭ್ರವಾದ, ಬೆಚ್ಚಗೆ ಒಣಗಿದ ಉಣ್ಣೆಯ ಕಾಲುಚೀಲಗಳು ಇರುತ್ತಿದ್ದವು."

ಇರುತ್ತಿದ್ದವಂತೆ! ಬಂಡೆಯ ಮೇಲೆ ಪಾಚಿ ಇರುವ ಹಾಗೆ, ಬೆಟ್ಟದ ಮೇಲೆ ಹಿಮ ಇರುವ ಹಾಗೆ, ನಮ್ಮ ಮನೆಯ ದಾರದ ಮೇಲೆ ಶುಭ್ರವಾದ ಕಾಲುಚೀಲಗಳು ಪ್ರಕೃತಿಸಹಜವಾಗಿ ಇರುತ್ತಿದ್ದವಂತೆ. ಹದಿನಾಲ್ಕರಿಂದ ಹದಿನೇಳು ತುಂಬುವ ತನಕ ಪ್ರತಿ ಶನಿವಾರ ಬಾನಿಯ ಮುಂದೆ ಮಂಡಿಯೂರಿ, ಮೀನಿನ ಲೋಳೆ ಮೆತ್ತಿದ ಆ ಕಾಲುಚೀಲಗಳನ್ನು ತಿಕ್ಕಿ ತಿಕ್ಕಿ ಬೆರಳು ಬಿರಿದುಕೊಂಡವಳು ನಾನು. ಅಪ್ಪನಿಗೂ ಅಣ್ಣನಿಗೂ ಒಂದು ಕಡೆ ಸವೆದರೆ ತಿರುಗಿಸಿ ಹಾಕಿಕೊಳ್ಳಲು ಎರಡೆರಡು ಹೆಬ್ಬೆರಳಿನ ಕೈಗವಸು; ನನಗೆ ಬರಿಗೈ. ನಾನು ತಿಕ್ಕುವಾಗ ಈ ಗ್ರಂಥಕರ್ತ ಬಾಯಿ ತೆರೆದು ಬೆಂಚಿನ ಮೇಲೆ ಮಲಗಿರುತ್ತಿದ್ದ.

ಮರುದಿನವೇ ಸಹಕಾರಿ ಅಂಗಡಿಗೆ ಹೋಗಿ ನೀಲಿ ರಟ್ಟಿನ ದಪ್ಪ ನೋಟ್‌ಬುಕ್ ತಂದೆ. ಆಲೂಗಡ್ಡೆ ಬೇಯುವ ಇಪ್ಪತ್ತು ನಿಮಿಷ ನನ್ನ ಸಾಹಿತ್ಯ ರಚನೆಯ ಸಮಯ. ಅದಕ್ಕೇ ನನ್ನ ಅಧ್ಯಾಯಗಳೆಲ್ಲ ಇಪ್ಪತ್ತು ನಿಮಿಷದಷ್ಟೇ ಉದ್ದ. ಒಂದು ವರ್ಷದಲ್ಲಿ ಇನ್ನೂರು ಪುಟ ತುಂಬಿತು. ಬಾನಿ ಬಂತು, ಲೋಳೆ ಬಂತು, ಹೆಣಿಗೆಯ ಕಡ್ಡಿ ಹಿಡಿದು ಹಿಂದೆ ನಿಂತು "ತಿಕ್ಕು, ತಿಕ್ಕು" ಎನ್ನುತ್ತಿದ್ದ ಅಮ್ಮ ಬಂದಳು. ಒಂದು ದಿನ ಆಲೂಗಡ್ಡೆ ಸ್ವಲ್ಪ ಹೆಚ್ಚು ಬೆಂದಾಗ ಈ ವಾಕ್ಯವೂ ಬಂದುಬಿಟ್ಟಿತು: "ಅಮ್ಮನಿಗೆ ಇಬ್ಬರು ಮಕ್ಕಳಿದ್ದರು: ಒಬ್ಬ ಮಗ, ಇನ್ನೊಂದು ಬಟ್ಟೆ ಒಗೆಯುವ ಯಂತ್ರ."

ಬರೆದು ಓದಿಕೊಂಡೆ. ತುಂಬ ಚೆನ್ನಾಗಿತ್ತು. ಮರುಕ್ಷಣ ಅಮ್ಮ ನೆನಪಾದಳು.

ನನ್ನ ಅಮ್ಮ ಥೋರ್ಗುನ್ನಳಿಗೆ ಎಂಬತ್ತು ವರ್ಷ. ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾಳೆ, ಅಷ್ಟೆ. ಅವಳು ಗಡಿಯಾರ ನೋಡಿದರೆ ಪಾದ್ರಿ ಉಪದೇಶವನ್ನು ಅರ್ಧಕ್ಕೆ ಮುಗಿಸುತ್ತಾನೆ. ಅವಳು ಬೈಯುವವಳಲ್ಲ, ಬೈದರೆ ಬದುಕಿಕೊಳ್ಳಬಹುದಿತ್ತು. ಅವಳು ಸುಮ್ಮನಾಗುತ್ತಾಳೆ. ಚಿಕ್ಕಮ್ಮನ ಜೊತೆ ಒಂದು ಕೇಕಿನ ವಿಷಯಕ್ಕೆ ಸುಮ್ಮನಾದವಳು ಹತ್ತೊಂಬತ್ತು ವರ್ಷ ಸುಮ್ಮನಿದ್ದಳು. ಚಿಕ್ಕಮ್ಮ ತೀರಿಕೊಂಡಿದ್ದರಿಂದ ಅದು ಅಲ್ಲಿಗೆ ನಿಂತಿತು. ಕೇಕಿಗೇ ಹತ್ತೊಂಬತ್ತು ವರ್ಷವಾದರೆ ಯಂತ್ರಕ್ಕೆ ಎಷ್ಟು? ಪ್ರತಿ ಗುರುವಾರ ಅಮ್ಮ ಕಾಫಿಗೆ ನಮ್ಮ ಮನೆಗೆ ಬರುತ್ತಾಳೆ. ಸಕ್ಕರೆಯ ತುಂಡನ್ನು ಹಲ್ಲಿನ ನಡುವೆ ಹಿಡಿದು, ಊರಿನ ಮೂರು ಮಂದಿಯನ್ನು ಹರಿದು ಹಂಚಿ ಹಾಕಿ ಹೋಗುತ್ತಾಳೆ. ನನ್ನ ವಾರ ನಿಂತಿರುವುದೇ ಆ ಗುರುವಾರದ ಮೇಲೆ. ಅದು ಹೋದರೆ ನನಗೆ ಉಳಿಯುವುದು ಹಾಫ್ಲಿದಿಯ ಎಂಜಿನ್ನು.

ಹಾಗಾಗಿ ಅಮ್ಮ ಹೋದ ಮೇಲೆಯೇ ಅಚ್ಚು ಹಾಕಿಸುವುದೆಂದು ತೀರ್ಮಾನಿಸಿದೆ. (ಅಮ್ಮನಿಗೆ ಹೋಗುವ ಅವಸರವೇನೂ ಕಾಣಲಿಲ್ಲ.) ಅಲ್ಲಿಯವರೆಗೆ ನೋಟ್‌ಬುಕ್ಕನ್ನು ಎಲ್ಲಿಡಬೇಕು? ನಮ್ಮ ಮನೆಯಲ್ಲಿ ಗಂಡಸಿನ ಕಣ್ಣಿಗೆ ಬೀಳದ ಜಾಗ ಒಂದಿದೆ: ಇಸ್ತ್ರಿಯ ಬುಟ್ಟಿ. ಅದರ ತಳದಲ್ಲಿ, ಅಂಗಿಗಳ ಅಡಿಯಲ್ಲಿ ಇಟ್ಟೆ.

ಇನ್ನು ನಮ್ಮ ಥೊರ್ರಾ ಊಟದ ವಿಷಯ ಹೇಳಬೇಕು. ಜನವರಿಯ ಕೊನೆಗೆ ಹುಳಿ ಹಿಡಿಸಿದ ಟಗರಿನ ಮಾಂಸ, ಸುಟ್ಟ ಕುರಿತಲೆ, ಕೊಳೆಸಿದ ಶಾರ್ಕು ಎಲ್ಲವನ್ನೂ ಮರದ ಮರಿಗೆಯಲ್ಲಿ ತುಂಬಿಕೊಂಡು ಊರೆಲ್ಲ ಸಮುದಾಯ ಭವನದಲ್ಲಿ ಸೇರುತ್ತೇವೆ. ಜನ ಬರುವುದು ಊಟಕ್ಕಲ್ಲ, ನಾಟಕಕ್ಕೆ. ವರ್ಷವಿಡೀ ಊರಿನವರು ಮಾಡಿಕೊಂಡ ಎಡವಟ್ಟುಗಳನ್ನು ಆರಿಸಿ, ಎಂಟು ಜನರ ಸಮಿತಿಯೊಂದು ವೇದಿಕೆಯ ಮೇಲೆ ಆಡಿ ತೋರಿಸುತ್ತದೆ. ಯಾರ ಬಗ್ಗೆ ಆಡುತ್ತಾರೋ ಅವರು ಕೂತು ನಗಬೇಕು. ಸಮಿತಿಯವರು ಕೈಗೆ ಸಿಕ್ಕ ಯಾವ ಕಾಗದವನ್ನೂ ಬಿಡುವುದಿಲ್ಲ. ಹಿಂದೊಮ್ಮೆ ಪಾದ್ರಿ ತೂಕ ಇಳಿಸಲು ಬರೆದಿಟ್ಟುಕೊಂಡಿದ್ದ ದಿನಚರಿ ಅವರಿಗೆ ಸಿಕ್ಕಿತ್ತು. ಪಾಪ, ಆಮೇಲೆ ಅವನು ತೂಕ ಇಳಿಸುವ ಯೋಚನೆಯನ್ನೇ ಬಿಟ್ಟ. ಸಮಿತಿಯ ಗುಟ್ಟನ್ನು ಹೆಂಡತಿಗೂ ಹೇಳುವಂತಿಲ್ಲ.

ಈ ವರ್ಷದ ಸಮಿತಿಯಲ್ಲಿ ನನ್ನ ಗಂಡನಿದ್ದ. ಒಂದು ಶುಕ್ರವಾರ ಆ ಘನ ಸಮಿತಿ ನಮ್ಮ ಅಡುಗೆಮನೆಯಲ್ಲಿ ಸೇರಿತು. ನಾನು ಕಾಫಿ, ಮೂವತ್ತೆರಡು ದೋಸೆಯಂಥ ಪ್ಯಾನ್‌ಕೇಕು ಕೊಟ್ಟ ಮೇಲೆ ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಮುಂದಿನ ಸೋಮವಾರ ಆಲೂಗಡ್ಡೆ ಒಲೆಯ ಮೇಲಿಟ್ಟು ಬುಟ್ಟಿಗೆ ಕೈ ಹಾಕಿದೆ. ನೋಟ್‌ಬುಕ್ ಇರಲಿಲ್ಲ.

ಬುಟ್ಟಿಯನ್ನು ಬೋರಲು ಹಾಕಿದೆ. ಅಂಗಿಗಳನ್ನು ಒಂದೊಂದಾಗಿ ಕೊಡವಿದೆ. ಇಲ್ಲ. ಅಷ್ಟರಲ್ಲಿ ಆಲೂಗಡ್ಡೆ ಸೀದಿತ್ತು, ಹಾಫ್ಲಿದಿ ಊಟಕ್ಕೆ ಬಂದಿದ್ದ.

"ಇಸ್ತ್ರಿ ಬುಟ್ಟೀನ ಯಾರಾದ್ರೂ ಮುಟ್ಟಿದ್ರಾ?" ಎಂದೆ.

"ಇಸ್ತ್ರಿ ಬುಟ್ಟಿ ಅಂದ್ರೆ?"

(ಇಪ್ಪತ್ತೊಂಬತ್ತು ವರ್ಷದ ಸಂಸಾರ.)

"ಮೂಲೇಲಿದೆಯಲ್ಲ. ನಿನ್ನ ಅಂಗಿಗಳು ಬರೋ ಜಾಗ."

"ಅಂಗಿ ಬೀರುವಿಂದ ತಾನೇ ಬರೋದು?"

"ಅದರೊಳಗೆ ನಂದೊಂದು ನೀಲಿ ನೋಟ್‌ಬುಕ್ ಇತ್ತು, ಹಾಫ್ಲಿದಿ."

ಅವನು ಫೋರ್ಕನ್ನು ಕೆಳಗಿಟ್ಟು ನಕ್ಕ. ತೆಳ್ಳಗೆ, ಒಂದು ಕಡೆಯಿಂದ. "ಸಮಿತಿ ವಿಷಯ ಕೇಳ್ಬೇಡ ಕಣೆ. ಪ್ರಮಾಣ ಮಾಡಿದೀನಿ."

"ನಾನು ಸಮಿತಿ ವಿಷಯ ಕೇಳಿದ್ನಾ?"

"ಕೇಳೋಳಿದ್ದೆ."

ನೋಟ್‌ಬುಕ್ ಸಮಿತಿಯ ಕೈ ಸೇರಿದೆ ಎನ್ನುವುದು ಅಲ್ಲಿಗೆ ಖಾತ್ರಿಯಾಯಿತು. ಥೊರ್ರಾ ಊಟಕ್ಕೆ ಇನ್ನು ಹನ್ನೆರಡೇ ದಿನ. ವೇದಿಕೆಯ ಮೇಲೆ ಹಾಫ್ಲಿದಿಯೋ ಇನ್ಯಾರೋ ಬಾನಿಯ ಮುಂದೆ ಕೂತು "ಒಬ್ಬ ಮಗ, ಇನ್ನೊಂದು ಯಂತ್ರ" ಎನ್ನುವುದೂ, ಮುಂದಿನ ಮೇಜಿನಲ್ಲಿ ಹಿರಿಯರ ನಡುವೆ ಕೂತ ಅಮ್ಮ ಸುಮ್ಮನಾಗುವುದೂ ಕಣ್ಣಿಗೆ ಕಟ್ಟಿತು.

ಮರುದಿನ ಹಿಟ್ಟು ತರಲು ಸಹಕಾರಿ ಅಂಗಡಿಗೆ ಹೋದರೆ ಗಲ್ಲಾದ ಹಿಂದೆ ಉನ್ನುರ್ ಇದ್ದಳು. ಸಮಿತಿಯ ಅಧ್ಯಕ್ಷೆ ಅವಳೇ.

"ಸೋಲ್ವೇಗ್, ನಿಮ್ಮಣ್ಣನ ಪಾದ ಎಷ್ಟುದ್ದ ಇರಬಹುದೇ?"

"ಯಾ... ಯಾಕೆ?"

"ಸುಮ್ನೆ. ದೊಡ್ಡ ಉಣ್ಣೆ ಕಾಲುಚೀಲ ಬೇಕಾಗಿತ್ತು."

ಹಿಟ್ಟಿನ ಚೀಲ ಕೈಯಿಂದ ಜಾರಿತು. ಉನ್ನುರ್ ಪೊರಕೆ ತಂದುಕೊಟ್ಟಳು, ನಾನೇ ಗುಡಿಸಿದೆ. ಮನೆಗೆ ಬಂದರೆ ಹಾಫ್ಲಿದಿ ನೆಲಮಾಳಿಗೆಯ ಮೆಟ್ಟಿಲು ಹತ್ತಿ ಬರುತ್ತಿದ್ದ.

"ಆ ಬಾನಿ ಎಲ್ಲಿಗೆ?"

"ಯಾವ ಬಾನಿ?"

"ನಿನ್ನ ತಲೆ ಮೇಲಿರೋದು!"

"ಓ, ಇದಾ," ಎಂದು ಅದರ ಅಡಿಯಿಂದಲೇ ಉತ್ತರಿಸಿ ಹೊರಟುಹೋದ.

ಕಾಲುಚೀಲ, ಬಾನಿ, ಅಣ್ಣ. ಇನ್ನೇನು ಉಳಿಯಿತು? ಲಂಚ ಕೊಟ್ಟು ನೋಡಿದೆ. ಕುರಿಮಾಂಸದ ಸಾರು ಮಾಡಿದೆ, ಮೂರು ಪದರದ ಕೇಕು ಮಾಡಿದೆ, ಅವನ ಎಂಜಿನ್ ಪುಸ್ತಕದ ಮೊದಲ ಅಧ್ಯಾಯವನ್ನು ಅವನ ಕಣ್ಣೆದುರಿಗೇ ಓದಿದೆ. (ತಾಯಿಗಾಗಿ ಇಷ್ಟು ಸಂಕಟ ಪಟ್ಟ ಮಗಳು ಈ ದ್ವೀಪದಲ್ಲಿ ಇನ್ನೊಬ್ಬಳಿರಲಾರಳು.) ಎಲ್ಲ ಅನುಭವಿಸಿ ಆತ ಹೇಳಿದ: "ಪ್ರಮಾಣ ಅಂದ್ರೆ ಪ್ರಮಾಣ ಕಣೆ. ಸಾರು ಇನ್ನೂ ಇದೆಯಾ?"

ಅಮ್ಮನನ್ನೇ ತಡೆಯುವುದು ಸುಲಭವೆನ್ನಿಸಿತು. ಎಂಥ ಸ್ಥಿತಿಗೆ ತಲುಪಿದ್ದೆ ನೋಡಿ. ಅವಳ ಮನೆಗೇ ಹೋದೆ.

"ಅಮ್ಮ, ಈ ಸಲ ಥೊರ್ರಾ ಊಟಕ್ಕೆ ಹೋಗ್ಬೇಡ."

ಅಮ್ಮ ಹೆಣಿಗೆಯಿಂದ ತಲೆಯೆತ್ತಲಿಲ್ಲ. "ಯಾಕೆ, ನಾನು ಸತ್ತೋದ್ನಾ?"

"ದಾರಿ ಜಾರುತ್ತೆ."

"ಎಂಬತ್ತು ವರ್ಷದಿಂದ ಜಾರ್ತಾನೇ ಇದೆ. ನಾನು ಬಿದ್ದಿರೋದು ಒಂದೇ ಸಲ. ಅದೂ ನಿಮ್ಮಪ್ಪನ ಕೈ ಹಿಡ್ಕೊಂಡಿದ್ದಾಗ."

"ಶಾರ್ಕು ನಿನ್ನ ಹೊಟ್ಟೆಗೆ ಒಗ್ಗಲ್ಲಮ್ಮ."

"ಅದನ್ನ ಶಾರ್ಕಿಗೆ ಹೇಳು. ಯಾಕೆ ಹಿಂಗೆ ಬಿಳುಚಿಕೊಂಡಿದೀಯ? ಏನೋ ಮುಚ್ಚಿಡ್ತಿದೀಯ ನೀನು."

"ಏನಿಲ್ಲ."

"ಹ್ಞೂಂ," ಎಂದು ಅಮ್ಮ ಸುಮ್ಮನಾದಳು. ಮನಸ್ಸಿನಲ್ಲೇ ಸೆಕೆಂಡು ಎಣಿಸಿದೆ. ಹನ್ನೊಂದನೆಯ ಸೆಕೆಂಡಿಗೆ, "ಕಾಫಿ ಇಡು, ಗೊಂಬೆ ಥರ ಕೂತಿದೀಯಲ್ಲ," ಎಂದಳು. ಬದುಕಿದೆ.

ಆದರೆ ಆ ವಾರದ ಗುರುವಾರ ಅಮ್ಮ ಕಾಫಿಗೆ ಬರಲಿಲ್ಲ. ಫೋನ್ ಮಾಡಿದರೆ "ಕೆಲಸ ಇದೆ" ಎಂದು ಇಟ್ಟುಬಿಟ್ಟಳು. ಎಂಬತ್ತರ ಮುದುಕಿಗೆ ಗುರುವಾರ ಏನು ಕೆಲಸ? ಯಾರೋ ಕಿವಿಗೆ ಹಾಕಿದ್ದಾರೆ, ಅಷ್ಟೆ. ಅದರ ಮುಂದಿನ ಗುರುವಾರವೂ ಬರಲಿಲ್ಲ. ಎರಡು ಕಪ್ಪು ಇಟ್ಟು, ಒಂದರಲ್ಲಿ ಕಾಫಿ ಕುಡಿದು, ಎರಡನ್ನೂ ತೊಳೆದಿಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಎಷ್ಟು ಗುರುವಾರ ಬರುತ್ತದೆಂದು ಲೆಕ್ಕ ಹಾಕಲು ಹೋಗಿ ಅಳು ಬಂತು.

ಶನಿವಾರ ಬಂತು. ಮರಿಗೆ ತುಂಬಿದವಳು ನಾನು, ಹೊತ್ತವಳು ನಾನು. ಸಮಿತಿಯ ಸದಸ್ಯರು ಕಲಾಸೇವೆಯಲ್ಲಿದ್ದರು. ಅಮ್ಮ ಮುಂದಿನ ಮೇಜಿನಲ್ಲಿ, ಕಪ್ಪು ಉಡುಪು, ಬೆಳ್ಳಿ ಪಿನ್ನು. ನನ್ನತ್ತ ಒಮ್ಮೆ ತಲೆಯಾಡಿಸಿ ಒಣಮೀನಿಗೆ ಬೆಣ್ಣೆ ಹಚ್ಚತೊಡಗಿದಳು. ನಾನು ಓಡುವುದಕ್ಕೆ ಅನುಕೂಲವಾಗಲೆಂದು ಬಾಗಿಲ ಹತ್ತಿರ ಕೂತೆ. (ಓಡಿ ಎಲ್ಲಿಗೆ? ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ, ನಡುವೆ ಇರುವವರೆಲ್ಲ ನೆಂಟರು.)

ಪರದೆ ಸರಿಯಿತು. ನಮ್ಮ ಬಾನಿ ಬಂತು, ತುಂಬ ನೀರು. ಹಿಂದೆಯೇ ಸ್ಟೈನಿಯ ವೇಷದಲ್ಲಿ ಉನ್ನುರ್. ಟೈ, ಹೊಟ್ಟೆಗೆ ದಿಂಬು, ಕಾಲಿಗೆ ಮೊಣಕಾಲು ದಾಟುವ ಕಾಲುಚೀಲ, ಕೈಯಲ್ಲಿ ಕತ್ತರಿ. ನಾನು ಕಣ್ಣು ಮುಚ್ಚಿದೆ.

"ಮಾನ್ಯರೇ, ಈ ಹೊಸ ಕಟ್ಟೆಯನ್ನು ನಾನು ಈಗ..." ಎನ್ನುವ ದನಿ, ಒಂದು ದೊಡ್ಡ "ಧಡ್!", ನೀರು ಚಿಮ್ಮಿದ ಸದ್ದು, ಊರೆಲ್ಲ ಹೋ ಎಂದು ನಕ್ಕ ಸದ್ದು. ಕಣ್ಣು ಬಿಟ್ಟೆ. ಉನ್ನುರ್ ಬಾನಿಯಲ್ಲಿ ಕೂತಿದ್ದಳು. ಹಾಫ್ಲಿದಿ ಉದ್ದನೆಯ ಕೋಲಿನಿಂದ ಅವಳ ಬೂಟುಗಳಿಗೆ ಗಾಳ ಹಾಕುತ್ತಿದ್ದ.

ಅಕ್ಟೋಬರಿನಲ್ಲಿ ಬಂದರಿನ ಹೊಸ ಕಟ್ಟೆಯ ಉದ್ಘಾಟನೆಯ ದಿನ ನನ್ನ ಅಣ್ಣ ರಿಬ್ಬನ್ ಕತ್ತರಿಸಲು ಒಂದು ಹೆಜ್ಜೆ ಹಿಂದೆ ಸರಿದು, ನೇರ ಕಡಲಿಗೆ ಬಿದ್ದು, ಬೂಟು ಕಳೆದುಕೊಂಡು ಬರೀ ಕಾಲುಚೀಲದಲ್ಲಿ ಎದ್ದುಬಂದಿದ್ದ. ಇಡೀ ಊರಿಗೆ ಗೊತ್ತು, ನಾನೂ ಅಲ್ಲೇ ಇದ್ದೆ. ನನ್ನ ಭಯ ಎಷ್ಟು ಅಹಂಕಾರದ್ದು ನೋಡಿ: ಈ ಭೂಮಿಯ ಕಾಲುಚೀಲಗಳೆಲ್ಲ ನನ್ನವೇ ಅಂದುಕೊಂಡಿತ್ತು.

ನಕ್ಕೆ. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಮೂವತ್ತು ವರ್ಷದಿಂದ ಮುಟ್ಟದ ಶಾರ್ಕಿನ ತುಂಡನ್ನು ಬಾಯಿಗೆ ಹಾಕಿಕೊಂಡೆ. ಅದು ಗಂಟಲಲ್ಲಿರುವಾಗಲೇ ಹೊಳೆಯಿತು: ಹಾಗಾದರೆ ನೋಟ್‌ಬುಕ್ ಎಲ್ಲಿ?

ನಾಟಕ ಮುಗಿದ ಮೇಲೆ ಹಿರಿಯರಲ್ಲಿ ಒಬ್ಬರು ಎರಡು ಮಾತಾಡುವುದು ರೂಢಿ. ಅಮ್ಮ ಎದ್ದು ನಿಂತಳು. ಕೈಚೀಲದಿಂದ ಕನ್ನಡಕ ತೆಗೆದಳು. ಆಮೇಲೆ ನೀಲಿ ನೋಟ್‌ಬುಕ್ ತೆಗೆದಳು.

"ಮೂರು ಗುರುವಾರದ ಹಿಂದೆ ಮಗಳ ಮನೇಲಿ ಅಂಗಿ ಇಸ್ತ್ರಿ ಮಾಡ್ತಿದ್ದೆ," ಎಂದಳು. "ಬುಟ್ಟಿ ತಳದಲ್ಲಿ ಇದು ಸಿಕ್ತು."

(ನಿಜ. ಪ್ರತಿ ಗುರುವಾರ ನಾನು ಕಾಫಿಗೆ ಕೆನೆ ತರಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಮ್ಮ ಮೂರೋ ನಾಲ್ಕೋ ಅಂಗಿ ಇಸ್ತ್ರಿ ಮಾಡಿಟ್ಟಿರುತ್ತಾಳೆ. ಇಪ್ಪತ್ತೊಂಬತ್ತು ವರ್ಷದಿಂದ. ಬಚ್ಚಿಡುವಾಗ ಗಂಡಸರ ಕಣ್ಣನ್ನಷ್ಟೇ ಯೋಚಿಸಿದ್ದೆ. ಅಮ್ಮನ ಕೈ ನೆನಪಿಗೇ ಬಂದಿರಲಿಲ್ಲ.)

"ನಿಧಾನವಾಗಿ ಓದ್ದೆ. ಎರಡು ಗುರುವಾರ ಹಿಡೀತು. ಅಕ್ಷರ ಕೋಳಿ ಕಾಲು." ಅಮ್ಮ ಪುಟ ತಿರುವಿದಳು. "ಅಮ್ಮನಿಗೆ ಇಬ್ಬರು ಮಕ್ಕಳಿದ್ದರು: ಒಬ್ಬ ಮಗ, ಇನ್ನೊಂದು ಬಟ್ಟೆ ಒಗೆಯುವ ಯಂತ್ರ."

ಸ್ಟೈನಿ ಕುರಿಯ ಕೆನ್ನೆ ಅಗಿಯುವುದನ್ನು ನಿಲ್ಲಿಸಿದ. ನಾನು ಮೇಜಿನ ಕೆಳಗೆ ಎಷ್ಟು ಜಾಗವಿದೆಯೆಂದು ನೋಡಿಕೊಂಡೆ.

"ಇದರಲ್ಲೊಂದು ತಪ್ಪಿದೆ," ಎಂದಳು ಅಮ್ಮ. "ಯಂತ್ರ ಆಗಿದ್ರೆ ಬಟ್ಟೆ ಶುಭ್ರ ಆಗ್ತಿತ್ತು."

ಊರು ನಕ್ಕಿತು.

"ಉಣ್ಣೇನ ಬಿಸಿನೀರಿಗೆ ಹಾಕೋಳು! ಸೋಮವಾರ ಇವಳು ಸ್ಕೂಲಿಗೆ ಹೋದ್ಮೇಲೆ ಎಲ್ಲಾನೂ ಇನ್ನೊಂದ್ಸಲ ಒಗೀತಿದ್ದೆ. ಕುಗ್ಗಿದ್ದನ್ನ ಎಳೆದೆಳೆದು ಮರದ ಅಚ್ಚಿಗೆ ಹಾಕ್ತಿದ್ದೆ. ಎಷ್ಟು ಎಳೆದ್ರೂ ಕೆಲವು ಚಿಕ್ಕದಾಗೇ ಉಳಿಯೋವು. ಇವರಪ್ಪ, ಪಾಪ, ನಲವತ್ತಮೂರನೇ ವಯಸ್ಸಿಗೆ ತನ್ನ ಪಾದ ಬೆಳೀತಿದೆ ಅಂತ ಹೆದರಿ, ದೋಣಿ ಕಟ್ಕೊಂಡು ಆಚೆ ದಡದ ಡಾಕ್ಟರ ಹತ್ರ ಹೋದ. ಡಾಕ್ಟರು ಟಾನಿಕ್ ಕೊಟ್ಟು ಕಳಿಸಿದ್ರು."

"ಆ ಟಾನಿಕ್ ನಂಗೂ ಕುಡಿಸಿದ್ಯಲ್ಲಮ್ಮ!" ಎಂದು ಸ್ಟೈನಿ ಕೂಗಿದ.

ಬಾಗಿಲ ಹತ್ತಿರ ಕೂತಿದ್ದವಳು ಹೇಗೆ ಎದ್ದೆನೋ ತಿಳಿಯದು. "ಮತ್ತೆ ನಂಗ್ಯಾಕೆ ಹೇಳ್ಲಿಲ್ಲ? ಒಂದು ಮಾತು, ತಣ್ಣೀರು ಹಾಕು ಅಂತ?"

"ಹೇಳಿದ್ರೆ ಕಲ್ತುಬಿಡ್ತಿದ್ದೆ," ಎಂದಳು ಅಮ್ಮ.

ಯಾರೂ ನಗಲಿಲ್ಲ.

"ನಮ್ಮಮ್ಮ ನಂಗೆ ಎಲ್ಲಾ ಚೆನ್ನಾಗಿ ಕಲಿಸಿದ್ಲು. ಚೆನ್ನಾಗಿ ಬರುತ್ತಲ್ಲ, ಆ ಕೆಲಸ ಇನ್ನೂ ಬಿಟ್ಟಿಲ್ಲ ನನ್ನ. ಮಗಳಿಗೆ ಕೆಲಸ ಹೇಳ್ದೆ ಇದ್ರೆ ನಮ್ಮತ್ತೆ ಬಿಡ್ತಿರ್ಲಿಲ್ಲ, ಊರು ಬಿಡ್ತಿರ್ಲಿಲ್ಲ. ಕೆಲಸ ಹೇಳಿದ ಹಾಗೂ ಆಗ್ಬೇಕು, ಇವಳಿಗೆ ಅದು ಬರದ ಹಾಗೂ ಉಳೀಬೇಕು. ಕೆಡಿಸೋರಿಗೆ ಯಾರೂ ಎರಡನೇ ಸಲ ಕೆಲಸ ಹೇಳಲ್ಲ. ಸ್ಟೈನೀನ ನೋಡಿ. ನಮ್ಮ ಹಾಫ್ಲಿದೀನ ನೋಡಿ, ಎಷ್ಟು ಸುಖವಾಗಿದಾನೆ."

ಹಾಫ್ಲಿದಿ ಎದ್ದು ಅರ್ಧ ನಮಸ್ಕಾರ ಮಾಡಿ, ಏನೋ ಅನುಮಾನ ಬಂದು ಕೂತುಕೊಂಡ.

"ಮೂರು ವರ್ಷ ಎರಡೆರಡು ಸಲ ಒಗೆದು ಇವಳನ್ನ ದಡ್ಡಿ ಮಾಡಿಟ್ಟಿದ್ದೆ. ಮದುವೆ ಆಗಿದ್ದೇ ಆಗಿದ್ದು, ಯಾರೂ ಕೇಳ್ದೇನೇ ತಾನಾಗೇ ಕೂತು ಕಲ್ತಳು. ಅದು ನನ್ನ ತಪ್ಪಲ್ಲ. ಪುಸ್ತಕದಲ್ಲಿ ಬರ್ಕೊಳ್ಲಿ." ಅಮ್ಮ ಕನ್ನಡಕ ಮಡಚಿ ಕೂತಳು. ಚಪ್ಪಾಳೆ ಬಂದ ರೀತಿಗೆ ಸೂರು ಹಾರಬೇಕಿತ್ತು.

ನಾನು ಅವಳ ಮೇಜಿಗೆ ಹೋದೆ. "ಅಮ್ಮ, ನನ್ನ ಮೇಲೆ ಕೋಪಾನಾ?"

ಅಮ್ಮ ಒಣಮೀನಿಗೆ ಬೆಣ್ಣೆ ಹಚ್ಚಿದಳು. ನಾನು ಮತ್ತೆ ಸೆಕೆಂಡು ಎಣಿಸಿದೆ, ಮೂವತ್ತು ದಾಟಿತು.

"ಯಂತ್ರದ ಮಾತು ಚೆನ್ನಾಗಿದೆ, ಹೊಡೆದು ಹಾಕ್ಬೇಡ," ಎಂದಳು ಕೊನೆಗೆ. "ಆದ್ರೆ ಇನ್ನೂರು ಪುಟ ಓದ್ದೆ ನೋಡು. ಎಲ್ಲಾ ಕಡೆ ಶನಿವಾರ ಇದೆ. ಸೋಮವಾರ ಎಲ್ಲಿ?"

"ನಂಗೆ ಗೊತ್ತೇ ಇರ್ಲಿಲ್ವಲ್ಲಮ್ಮ."

"ಸ್ಟೈನಿಗೂ ಗೊತ್ತಿರ್ಲಿಲ್ಲ. ಅವನು ಬರ್ದಾಗ ಹೆಂಗೆ ಕುಣಿದಾಡಿದ್ದೆ!"

ಒಂದು ವರ್ಷ ಆಲೂಗಡ್ಡೆಯ ಜೊತೆ ಬೇಯಿಸಿದ ನನ್ನ ಘನವಾದ ಸಿಟ್ಟು ಅಲ್ಲೇ ತಟ್ಟೆಯ ಪಕ್ಕದಲ್ಲಿ ಕುಗ್ಗಿ ಕೂತಿತು. ಅಮ್ಮ ನೋಟ್‌ಬುಕ್ಕನ್ನು ನನ್ನತ್ತ ತಳ್ಳಿ, "ಗುರುವಾರ ಬರ್ತೀನಿ. ಕೆನೆ ಜಾಸ್ತಿ ತಾ. ನಾನು ಹೇಳ್ತೀನಿ, ನೀನು ಬರಿ," ಎಂದಳು. ಹನ್ನೆರಡು ದಿನದ ಭಯ ಒಮ್ಮೆಲೇ ಇಳಿದು ಅವಳ ಪಕ್ಕ ಕೂತೆ.

ಸಭೆ ಕರಗುತ್ತಿತ್ತು. ಭವನದ ಹಿಂದಿನ ತೊಟ್ಟಿಯಲ್ಲಿ ಸಮಿತಿಯವರು ಮರಿಗೆ ತೊಳೆಯಲು ಶುರುಮಾಡಿದ್ದರು. ಅದೂ ಅವರದೇ ಹೊಣೆ. ತೆರೆದ ಬಾಗಿಲಲ್ಲಿ ಹಾಫ್ಲಿದಿ ಕಾಣುತ್ತಿದ್ದ. ಕೊಬ್ಬು ಮೆತ್ತಿದ ಮರಿಗೆಯನ್ನು ತಣ್ಣೀರಿನಲ್ಲಿ ಒಮ್ಮೆ ಅದ್ದಿ, ಎತ್ತಿ, ಅತ್ತ ಇಟ್ಟ.

ನಾನು ಎದ್ದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಕೂತ್ಕೋ."

"ಅಮ್ಮ, ಅವನು ಕೊಬ್ಬಿನ ಮರಿಗೇನ ತಣ್ಣೀರಲ್ಲಿ..."

"ಕೂತ್ಕೋ ಅಂದೆ. ಆ ಕಡೆ ನೋಡ್ಬೇಡ."

ಅವನು ಹನ್ನೊಂದು ಮರಿಗೆ ಅದ್ದಿ ಮುಗಿಸುವ ತನಕ ಅಮ್ಮ ಕೈ ಬಿಡಲಿಲ್ಲ. ನಾನು ಗೋಡೆ ನೋಡುತ್ತ, ಹಲ್ಲು ಕಚ್ಚಿ ಕೂತಿದ್ದೆ. ಅವನು ಕೈ ಒರೆಸಿಕೊಂಡು ಶಿಳ್ಳೆ ಹಾಕುತ್ತ ಹೊರಗೆ ಹೋದ. ಅಮ್ಮ ಕೋಟು ಹಾಕಿಕೊಳ್ಳಲು ಕೈ ಬಿಟ್ಟದ್ದೇ ತಡ, ನಾನು ತೊಟ್ಟಿಯ ಹತ್ತಿರ ಓಡಿದೆ. ಬಿಸಿನೀರು ಬಿಟ್ಟೆ, ಸೋಪು ಹಾಕಿದೆ, ಮೊದಲ ಮೂರನ್ನು ಫಳಫಳ ಹೊಳೆಯುವಂತೆ ಉಜ್ಜಿ ಪಕ್ಕಕ್ಕಿಟ್ಟೆ. ನಾಲ್ಕನೆಯದನ್ನು ಇಡಲು ತಿರುಗಿದರೆ ಆ ಮೂರೂ ಅಲ್ಲಿರಲಿಲ್ಲ.

ಪಕ್ಕದ ನಲ್ಲಿಯಲ್ಲಿ, ಕೋಟಿನ ತೋಳು ಮಡಚಿಕೊಂಡು, ಅಮ್ಮ ಅವನ್ನು ತೊಳೆಯುತ್ತಿದ್ದಳು.

"ಅಂಚಲ್ಲಿ ಜಿಡ್ಡು ಹಂಗೇ ಇದೆ ಕಣೆ," ಎಂದಳು.